ಒತ್ತೆಯಲ್ಲಿರುವ ಉಪಕರಣವನ್ನು ಮೊದಲು ಬಿಡಿಸಿ: ಬಡ ವಿಶ್ವಾಸಿಗಳ ಜೊತೆ ನನ್ನ ಅನುಭವ

ಬಡ ದೇಶಗಳ ಸಣ್ಣ ಕ್ರೈಸ್ತ ಸಭೆಗಳಲ್ಲಿ ಎಲ್ಲವನ್ನೂ ಕಳೆದುಕೊಂಡ ವಿಶ್ವಾಸಿ ಕುಟುಂಬಗಳಿರುತ್ತವೆ. ಅವು ಮತ್ತೆ ದುಡಿದು ಬದುಕುವಂತಾಗಲು ಜೊತೆಗೆ ನಿಲ್ಲುವುದು ನನ್ನ ಕೆಲಸ. ಕೆಲವರು ನಂಬಿಕೆಯ ಕಾರಣಕ್ಕೆ ಊರು ಬಿಟ್ಟವರು. ಕೆಲವರನ್ನು ಬರ, ನೆರೆ, ಕಾಯಿಲೆ ಮುಳುಗಿಸಿರುತ್ತದೆ. ಹಲವರನ್ನು ಬರೀ ಸಾಲ.

ಸಹಾಯ ಮಾಡಲು ಮುಂದೆ ಬರುವ ಚರ್ಚ್‌ಗಳು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅವರಿಗೆ ಏನು ಕೊಡಿಸೋಣ?" ಹೊಲಿಗೆ ಯಂತ್ರವಾ, ಮೇಕೆಯಾ, ತಳ್ಳುಗಾಡಿಯಾ? ಅದನ್ನು ಆಮೇಲೆ ನೋಡೋಣ ಅನ್ನುತ್ತೇನೆ. ಆ ಮನೆಯ ದುಡ್ಡು ಎಲ್ಲಿ ಸೋರಿ ಹೋಗುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು.

ಅದಕ್ಕೇ ನಮ್ಮ ಮೊದಲ ಭೇಟಿ ಪೂರ್ತಿ ಸಾಲದ ಲೆಕ್ಕಕ್ಕೆ ಮೀಸಲು. ಯಾರ ಹತ್ತಿರ ತಂದಿದ್ದಾರೆ, ಬಡ್ಡಿ ವಾರಕ್ಕೋ ತಿಂಗಳಿಗೋ, ಯಾವ ಖರ್ಚಿಗೆ ತಂದರು, ಒತ್ತೆಗೆ ಏನಿಟ್ಟಿದ್ದಾರೆ, ಎಲ್ಲ ಬರೆದುಕೊಳ್ಳುತ್ತೇವೆ. ಗಂಡನ ಹತ್ತಿರ ಒಮ್ಮೆ, ಹೆಂಡತಿಯ ಹತ್ತಿರ ಬೇರೆಯಾಗಿ ಒಮ್ಮೆ. ಎರಡು ಪಟ್ಟಿ ಒಂದೇ ಥರ ಇರುವುದು ಕಡಿಮೆ. ಒಬ್ಬರಿಗೆ ಗೊತ್ತಿಲ್ಲದ ಸಾಲ ಇನ್ನೊಬ್ಬರ ತಲೆ ಮೇಲೆ ಇರುತ್ತದೆ. ಆಗ ಪಾಸ್ಟರ್ ಪಕ್ಕದಲ್ಲಿ ಇರಬಾರದು. ಅವರ ಮೇಲೆ ಅನುಮಾನ ಅಂತಲ್ಲ. ಭಾನುವಾರ ಮುಖ ನೋಡಬೇಕಾದವರ ಎದುರು ಯಾರೂ ಮಾನ ಬಿಟ್ಟು ಸಾಲದ ಮಾತಾಡುವುದಿಲ್ಲ.

ಈ ಪಟ್ಟಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಒತ್ತೆಯ ಸಾಲಿಗೆ. ಒಬ್ಬ ಬಡಗಿಗೆ ಆಡು ಸಾಕಣೆ ಮಾಡಿಸಬೇಕು ಅಂತ ದಾನಿಗಳು ತೀರ್ಮಾನ ಮಾಡಿದ್ದರು. ಅವನ ಉಳಿ, ರಂದೆ, ಗರಗಸ ಎಲ್ಲ ಸಾಲ ಕೊಟ್ಟವನ ಮನೆಯಲ್ಲಿ ಒತ್ತೆಯಲ್ಲಿದ್ದವು. ಅವನಿಗೆ ಆಡು ಬೇಡವಾಗಿತ್ತು. "ನನ್ನ ಸಾಮಾನು ಬಿಡಿಸಿಕೊಡಿ, ನಾಳೆಯಿಂದಲೇ ಕೆಲಸಕ್ಕೆ ಹೋಗ್ತೀನಿ" ಅಂದ. ಆಡುಗಳಿಗೆ ಇಟ್ಟಿದ್ದ ಹಣದಲ್ಲಿ ಒಂದು ಪಾಲು ಸಾಕಾಯಿತು. ಉಪಕರಣ ಅವನದೇ, ಕಸುಬು ಗೊತ್ತಿದ್ದದ್ದೇ, ಗಿರಾಕಿಗಳೂ ಹಳಬರೇ. ತರಬೇತಿಯ ಅಗತ್ಯವೇ ಬರಲಿಲ್ಲ. ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು ಎಂದು ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ. ಹಾಗೆ ಮಾಡಿದರೆ ಅವನ ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ ಅನ್ನುವುದು ಅಲ್ಲಿಯ ಕಾರಣ. ಈ ಮಾತನ್ನು ನಾನು ನಮ್ಮ ಕೆಲಸದ ನಿಯಮವಾಗಿಯೇ ಓದುತ್ತೇನೆ. ಒತ್ತೆಯಲ್ಲಿ ದುಡಿಮೆಯ ಸಾಮಾನು ಇದ್ದರೆ ಹೊಸದು ಕೊಡಿಸುವ ಮಾತೇ ಇಲ್ಲ, ಮೊದಲು ಅದನ್ನು ಬಿಡಿಸುವುದು.

ಸಾಲ ಹಾಗೇ ಇರುವ ಮನೆಗೆ ಮೇಕೆ ಬಂದರೆ ಆ ಸುದ್ದಿ ಮೊದಲು ತಲುಪುವುದು ಸಾಲ ಕೊಟ್ಟವನಿಗೆ. ಮನೆಯಲ್ಲಿ ಹಸಿವೂ ಇದ್ದರೆ ಮೇಕೆ ಇನ್ನೂ ಬೇಗ ಮಾರಾಟವಾಗುತ್ತದೆ. ಅದು ಸೋಮಾರಿತನ ಅಲ್ಲ, ಮಕ್ಕಳ ಹೊಟ್ಟೆಯ ವಿಷಯ. ಹಾಗಾಗಿ ದುಡಿಮೆ ಕೈಗೆ ಹತ್ತುವವರೆಗೆ ಕೆಲವು ತಿಂಗಳು ಊಟದ ಖರ್ಚಿಗೆ ಹಣ ಕೊಡುತ್ತೇವೆ. ಇದು ನಾವು ಕಂಡುಹಿಡಿದದ್ದಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ಇದೇ ದಾರಿಯ ಕಾರ್ಯಕ್ರಮ ಶುರು ಮಾಡಿತು. ಜಾನುವಾರು ಅಥವಾ ಸಣ್ಣ ವ್ಯಾಪಾರದ ಬಂಡವಾಳ, ಊಟಕ್ಕೆ ಸ್ವಲ್ಪ ಹಣ, ತರಬೇತಿ, ಉಳಿತಾಯ, ಆಗಾಗ ಮನೆಗೆ ಬಂದು ವಿಚಾರಿಸುವ ಒಬ್ಬ ಮನುಷ್ಯ, ಎಲ್ಲ ಒಟ್ಟಿಗೆ, ಸುಮಾರು 2 ವರ್ಷ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳ 10,000ಕ್ಕೂ ಹೆಚ್ಚು ಮನೆಗಳಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಮುಗಿದು ಒಂದು ವರ್ಷದ ಮೇಲೂ ಒಟ್ಟಾರೆ ಆ ಮನೆಗಳ ಸ್ಥಿತಿ ಮೊದಲಿಗಿಂತ ಚೆನ್ನಾಗಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗ ಬಂದು ಸತ್ತವು, ಹಾಕಿದ ದುಡ್ಡು ಬರಲಿಲ್ಲ. ಪ್ರಾಣಿ ಕೊಡಿಸುವ ಆಸೆ ಇರುವ ಪ್ರತಿ ಚರ್ಚ್‌ಗೂ ಈ ಕೋಳಿಗಳ ವಿಷಯ ಹೇಳುತ್ತೇನೆ. ಹತ್ತಿರದಲ್ಲಿ ಪಶುವೈದ್ಯರು ಇಲ್ಲ ಅಂದರೆ ಪ್ರಾಣಿ ಬೇಡ.

ಇಟ್ಟಿಗೆ ಗೂಡಿನ ಸಾಲದ ಕಥೆ ಬೇರೆ. ಪಾಕಿಸ್ತಾನದ ಪಂಜಾಬ್‌ನಲ್ಲಿ ಎಷ್ಟೋ ಕ್ರೈಸ್ತ ಕುಟುಂಬಗಳು ಗೂಡುಗಳಲ್ಲಿ ದುಡಿಯುತ್ತವೆ. ಮಾಲೀಕನಿಂದ ಪಡೆದ ಮುಂಗಡಕ್ಕೆ ಅಲ್ಲಿ ಪೇಶ್ಗಿ ಅನ್ನುತ್ತಾರೆ. ದುಡಿದಷ್ಟೂ ಅದು ತೀರುವುದಿಲ್ಲ, ಅಪ್ಪನಿಂದ ಮಗನಿಗೆ ದಾಟುತ್ತದೆ. ಆ ಹಣ ಕಟ್ಟಿ ಕುಟುಂಬವನ್ನು ಬಿಡಿಸುವುದು ದಾನಿಗಳ ಮನಸ್ಸಿಗೆ ತುಂಬ ಹತ್ತಿರ. ಅವರ ಕಣ್ಣೀರು ನನಗೆ ಅರ್ಥವಾಗುತ್ತದೆ. ಆದರೂ ಮೊದಲು ವಕೀಲರನ್ನು ನೋಡಿ ಅನ್ನುತ್ತೇನೆ. ಪಾಕಿಸ್ತಾನದ 1992ರ ಕಾಯ್ದೆಯ ಪ್ರಕಾರ ಜೀತ ಅಪರಾಧ, ಜೀತದ ಸಾಲ ತೀರಿಸುವ ಹೊಣೆಯೂ ರದ್ದು. ಭಾರತದ 1976ರ ಕಾಯ್ದೆಯೂ ಹಾಗೇ ಇದೆ. ಹೊರಗಿನಿಂದ ಯಾರೋ ಸಾಲ ಕಟ್ಟುತ್ತಾರೆ ಅಂತ ಗೊತ್ತಾದರೆ ಮುಂದಿನ ಕುಟುಂಬದ ಲೆಕ್ಕ ಜಾಸ್ತಿಯಾಗುವ ಅಪಾಯವಿದೆ. ಇನ್ನೊಂದು ಮಾತು. ಗೂಡಿನ ಕೆಲಸಗಾರರ ಮನೆ ಸಾಮಾನ್ಯವಾಗಿ ಗೂಡಿನ ಜಾಗದಲ್ಲೇ ಇರುತ್ತದೆ. ಬಿಡುಗಡೆಯಾದ ದಿನವೇ ಅವರಿಗೆ ಸೂರು ಇಲ್ಲ. ಬಾಡಿಗೆ ಮನೆ, ಗುರುತಿನ ಚೀಟಿ, ಮಕ್ಕಳ ಶಾಲೆ, ಮೊದಲ ದಿನಗಳ ಅಡುಗೆ ಸಾಮಾನು, ಇವೆಲ್ಲ ತಯಾರಾಗದೆ ಬಿಡಿಸಬಾರದು. ಇಲ್ಲದಿದ್ದರೆ ಅವರು ಇನ್ನೊಂದು ಗೂಡಿಗೆ, ಇನ್ನೊಂದು ಮುಂಗಡಕ್ಕೆ ಹೋಗಬೇಕಾಗುತ್ತದೆ.

ಸಾಲದ ಸೋರಿಕೆ ನಿಂತ ಮೇಲೆ ಉಳಿತಾಯ ಗುಂಪು. ಕೇರ್ ಎಂಬ ನೆರವು ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಹಳ್ಳಿಯ ಹೆಂಗಸರ ಜೊತೆ ಕಟ್ಟಿದ ಮಾದರಿ ಇದು. ಆಮೇಲೆ ಆಫ್ರಿಕಾದ ಸಾವಿರಾರು ಊರುಗಳಿಗೆ ಹಬ್ಬಿತು. 15ರಿಂದ 25 ಜನ. ಒಂದು ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ. ಪ್ರತಿ ಸಭೆಯಲ್ಲಿ ಎಲ್ಲರ ಎದುರೇ ಹಣ ಎಣಿಕೆ. ಅದರಿಂದಲೇ ಒಬ್ಬರಿಗೊಬ್ಬರು ಸಣ್ಣ ಸಾಲ. ಸುಮಾರು ಒಂದು ವರ್ಷಕ್ಕೆ ಬಡ್ಡಿ ಸಮೇತ ಎಲ್ಲರೂ ಹಂಚಿಕೊಂಡು ಮತ್ತೆ ಹೊಸದಾಗಿ ಶುರು. ಕಾಯಿಲೆ, ಸಾವು ಬಂದಾಗ ಕೊಡಲು ಬೇರೆಯೇ ಒಂದು ನಿಧಿ. ಈ ಚಿಕ್ಕ ನಿಧಿಯೇ ನನ್ನ ಲೆಕ್ಕದಲ್ಲಿ ದೊಡ್ಡದು. ಮಗುವಿಗೆ ಜ್ವರ ಬಂದ ರಾತ್ರಿ ಸಾಲ ಕೊಡುವವನ ಬಾಗಿಲು ತಟ್ಟುವುದು ತಪ್ಪುತ್ತದಲ್ವಾ?

ಈ ಪೆಟ್ಟಿಗೆಗೆ ಹೊರಗಿನ ದುಡ್ಡು ಹಾಕಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಆದರೆ ತಮ್ಮ ದುಡ್ಡಾದರೆ ಜನ ಕಾವಲು ಕಾಯುತ್ತಾರೆ. ದಾನದ ದುಡ್ಡು ಬಂದರೆ ಅದು ಯಾರದ್ದೂ ಅಲ್ಲ ಅನ್ನಿಸಿಬಿಡುತ್ತದೆ, ವಾಪಸ್ ಕಟ್ಟುವುದು ನಿಧಾನವಾಗುತ್ತದೆ.

ಹಣ ಯಾರ ಕೈಯಲ್ಲಿ ಇರಬೇಕು ಅನ್ನುವುದಕ್ಕೆ ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ತಪ್ಪುತ್ತಿದೆ ಎಂಬ ದೂರು ಬಂತು. ಸಭೆಯ ಮುಖಂಡರಾದ ಅಪೊಸ್ತಲರು ಹಂಚಿಕೆಯನ್ನು ತಮ್ಮ ಹತ್ತಿರ ಇಟ್ಟುಕೊಳ್ಳಲಿಲ್ಲ. ಸಭೆಯೇ ಏಳು ಜನರನ್ನು ಆರಿಸಿತು. ಏಳೂ ಗ್ರೀಕ್ ಹೆಸರುಗಳು. ಅಂದರೆ ಹೊಣೆ ಹೋದದ್ದು ದೂರು ಹೇಳಿದವರ ಕಡೆಯವರಿಗೇ ಅನ್ನಿಸುತ್ತದೆ. ನಾವೂ ಸಮಿತಿಯಲ್ಲಿ ಸಹಾಯ ಸಿಗದೆ ಬೇಸರವಾದ ಮನೆಗಳವರನ್ನು, ಅದರಲ್ಲೂ ವಿಧವೆಯರನ್ನು ಕೂರಿಸುತ್ತೇವೆ. ಪಾಸ್ಟರ್ ಪ್ರಾರ್ಥಿಸಲಿ, ಸಲಹೆ ಕೊಡಲಿ, ಕೀಲಿ ಮಾತ್ರ ಬೇಡ. ಆ ಕಾಲದ ಬೋಧಕ ಪೌಲನೂ ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪು ಹೊರಿಸದಿರಲಿ ಅಂತ ಸಭೆಗಳು ನೇಮಿಸಿದವರನ್ನು ಜೊತೆಗೆ ಇಟ್ಟುಕೊಂಡ.

ವಿಶ್ವಾಸಿಗಳಿಗೆ ಮಾತ್ರ ಕೊಡಬೇಕಾ ಅಂತ ಬಹಳ ಜನ ಕೇಳುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಮೊದಲು ಬರುವ ಮಾತು ಎಲ್ಲರಿಗೂ ಒಳ್ಳೆಯದು ಮಾಡಿ ಅಂತ. ವಿಶೇಷವಾಗಿ ನಂಬಿಕೆಯ ಮನೆಯವರಿಗೆ ಅನ್ನುವುದು ಆಮೇಲೆ. ಬೇರೆ ಎಲ್ಲ ಸಹಾಯದಿಂದ ಹೊರಗೆ ಉಳಿದ ವಿಶ್ವಾಸಿಯನ್ನು ಸಭೆ ನೋಡದಿದ್ದರೆ ಇನ್ಯಾರು ನೋಡುತ್ತಾರೆ? ಹಾಗಾಗಿ ಅವರಿಂದ ಶುರು ಮಾಡುತ್ತೇವೆ. ಆದರೆ ಉಳಿತಾಯ ಗುಂಪಿಗೆ ಪಕ್ಕದ ಮನೆಯವರೂ ಬರಬಹುದು, ಅವರ ದೇವರು ಯಾರೇ ಆಗಿರಲಿ. ಚರ್ಚ್‌ಗೆ ಬಂದರೆ ಮಾತ್ರ ಸಹಾಯ ಅನ್ನುವ ಷರತ್ತು ಎಲ್ಲಿಯೂ ಇರಬಾರದು. ಅಂಥ ಷರತ್ತು ಆಸೆ ತೋರಿಸಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಈಗಾಗಲೇ ಕಿರುಕುಳ ಅನುಭವಿಸುತ್ತಿರುವ ಸಭೆಯ ಮೇಲೆ ಊರಿನ ಸಿಟ್ಟು ಇನ್ನೂ ಏರುತ್ತದೆ. ಇದೇ ಕಾರಣಕ್ಕೆ ಊರು ಬಿಟ್ಟು ಬಂದವರ ಫೋಟೊ ನಾವು ದಾನಿಗಳಿಗೆ ಕಳಿಸುವುದಿಲ್ಲ. ಹೆಸರು, ಊರು ಬರೆಯುವುದಿಲ್ಲ. ಒಂದು ಫೋಟೊ ಫೋನಿನಿಂದ ಫೋನಿಗೆ ಹೋಗಿ ಅವರನ್ನು ಓಡಿಸಿದವರ ಕೈ ಸೇರಬಹುದು.

ಪಡೆದವರಿಗೆ ಕೊಡುವ ಆಸೆಯೂ ಇರುತ್ತದೆ. ಪೌಲನ ಕಾಲದ ಮಕೆದೋನ್ಯದ ಸಭೆಗಳು ಕಡುಬಡತನದಲ್ಲೂ, ಕೊಡುವುದರಲ್ಲಿ ನಮಗೂ ಪಾಲು ಇರಲಿ ಅಂತ ಬೇಡಿಕೊಂಡು ಕೊಟ್ಟವು. ಡ್ಯಾನ್ ವೆಸ್ಟ್ ಎಂಬ ಅಮೆರಿಕದ ರೈತ ಸ್ಪೇನ್‌ನ ಅಂತರ್ಯುದ್ಧದ ಕಾಲದಲ್ಲಿ ನಿರಾಶ್ರಿತ ಮಕ್ಕಳಿಗೆ ಹಾಲು ಹಂಚಿದವರು. ಲೋಟ ಹಾಲಿಗಿಂತ ಹಸುವನ್ನೇ ಕೊಡಬೇಕು ಅನ್ನಿಸಿ ಅವರು ಶುರು ಮಾಡಿದ ಹೈಫರ್ ಕಾರ್ಯಕ್ರಮದ ಮೊದಲ ಕಡಸುಗಳು 1944ರಲ್ಲಿ ಪೋರ್ಟೊ ರಿಕೊಗೆ ಹೋದವು. ಹುಟ್ಟಿದ ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಮನೆಗೆ ಕೊಡಬೇಕು, ಅದು ನಿಯಮ. ನಾವೂ ಇದನ್ನು ನಮ್ಮ ರೀತಿಯಲ್ಲಿ ಮಾಡುತ್ತೇವೆ. ಬಡಗಿಗೆ ನಾವು ಕೇಳಿದ್ದು ಹಣ ಅಲ್ಲ, ಸಭೆಯ ಒಬ್ಬ ಹುಡುಗನಿಗೆ ಕಸುಬು ಕಲಿಸು ಅಂತ. ಇಬ್ಬರು ಹುಡುಗರನ್ನು ಸೇರಿಸಿಕೊಂಡಿದ್ದಾನೆ. ಅವರಲ್ಲಿ ಒಬ್ಬನಿಗೆ ಸ್ವಂತ ಗರಗಸ ಬೇಕಾಗಿದೆ. ಅದಕ್ಕೆ ಅವನ ತಾಯಿ ಗುಂಪಿನ ಪೆಟ್ಟಿಗೆಯಿಂದ ಸಾಲ ಕೇಳಿದ್ದಾಳೆ, ಮುಂದಿನ ಸಭೆಯಲ್ಲಿ ಗುಂಪು ತೀರ್ಮಾನ ಮಾಡುತ್ತದೆ.