ಸ್ಟೆಪ್ನಿ ಮೇಲಿನ ‘80’: ಆ ಹಳದಿ ಸ್ಟಿಕ್ಕರ್ ಓದುವುದು ಹೇಗೆ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಮೂರು ಚಕ್ರಕ್ಕೆ ಅಲಾಯ್, ಸ್ಟೆಪ್ನಿ ಹಾಕಿದ ಒಂದಕ್ಕೆ ಮಾತ್ರ ಕಪ್ಪು ಕಬ್ಬಿಣದ ರಿಮ್ ಇರುವ ಕಾರು ಬಲಗಡೆಯ ಲೇನಿನಲ್ಲಿ ಆ ನೂರನ್ನೇ ಮುಟ್ಟಿಸಿಕೊಂಡು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಚಕ್ರ ಬದಲಿಸುವುದು ಬಹಳ ಜನರಿಗೆ ಗೊತ್ತು. ಎಡವುವುದು ಬದಲಿಸಿದ ನಂತರ, ಎಷ್ಟು ವೇಗದಲ್ಲಿ ಹೋಗಬೇಕು ಎನ್ನುವಲ್ಲಿ.

ಹಂತ 1: ಪಂಕ್ಚರ್ ಆಗುವ ಮೊದಲೇ ನೋಡಿ

ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿಯನ್ನು ಬೆಳಕಿಗೆ ತೆಗೆಯಿರಿ. ರಿಮ್ ಮೇಲೆ 80 ಎಂದು ಬರೆದ ಸ್ಟಿಕ್ಕರ್ ಇದೆಯೇ ಎಂದು ನೋಡಿ. ಈ ಚಕ್ರ ಹಾಕಿಕೊಂಡು ಗಂಟೆಗೆ 80 ಕಿ.ಮೀ. ದಾಟಬೇಡಿ ಎಂಬುದು ಅದರ ಅರ್ಥ. ಕಾರು ತೊಳೆಯುವವರು, ಕೋಟಿಂಗ್ ಮಾಡುವವರು ಅದನ್ನು ಕಿತ್ತು ಹಾಕಿರಲೂಬಹುದು. ಸ್ಟಿಕ್ಕರ್ ಇಲ್ಲವೆಂದರೆ ಮಿತಿ ಇಲ್ಲವೆಂದಲ್ಲ. ಕಾರಿನ ಕೈಪಿಡಿ ತೆಗೆದು ನೋಡಿ.

ಹಂತ 2: ಟೈರಿನ ಪಕ್ಕದ ಬರಹ ಓದಿ

ಇಲ್ಲಿ ಅವಸರ ಬೇಡ. ಹೆಚ್ಚಿನವರು ತಪ್ಪು ಲೆಕ್ಕ ಹಾಕುವುದು ಇಲ್ಲೇ.

ನಿಮ್ಮ ನಾಲ್ಕು ಚಕ್ರಗಳಲ್ಲಿ 185/65 ಆರ್15 88ಎಚ್ ಎಂದಿದೆ, ಸ್ಟೆಪ್ನಿಯಲ್ಲಿ 165/80 ಆರ್14 85ಎಸ್ ಎಂದಿದೆ ಎನ್ನಿ. ನಮ್ಮ ಸಣ್ಣ ಕಾರುಗಳಲ್ಲಿ ಇಂಥ ಜೋಡಿ ಸಾಮಾನ್ಯ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರದ ಗೋಡೆ ಟೈರಿಗಿದೆ ಎಂಬುದು. ಮೂರನೆಯದು ರಿಮ್ ಅಳತೆ, ಇಂಚಿನಲ್ಲಿ. ಆಮೇಲೆ ಬರುವುದು ಭಾರದ ಸಂಖ್ಯೆ: 88 ಎಂದರೆ ಒಂದು ಟೈರ್ 560 ಕೆ.ಜಿ., 85 ಎಂದರೆ 515 ಕೆ.ಜಿ. ಹೊರಬಲ್ಲದು. ಕೊನೆಯ ಅಕ್ಷರ ವೇಗದ್ದು: ಎಸ್ ಅಂದರೆ 180, ಟಿ ಅಂದರೆ 190, ಎಚ್ ಅಂದರೆ 210, ವಿ ಅಂದರೆ 240 ಕಿ.ಮೀ.

“ಎಸ್ ಇದೆ, 180 ಓಡುತ್ತದೆ, ಮತ್ತೆ 80 ಯಾಕೆ?” ಎಂದು ಸ್ವಲ್ಪ ತಿಳಿದವರೇ ಕೇಳುತ್ತಾರೆ. ಟೈರ್ ಒಂದನ್ನೇ ನೋಡಿದರೆ ಅವರ ಮಾತು ಸರಿ. ಆದರೆ ಸ್ಟಿಕ್ಕರ್ ಹೇಳುತ್ತಿರುವುದು ಟೈರಿನ ಶಕ್ತಿಯನ್ನಲ್ಲ, ಆ ಟೈರ್ ಉಳಿದ ಮೂರರ ಜೊತೆ ಸೇರಿದಾಗ ನಿಮ್ಮ ಕಾರು ಹೇಗೆ ವರ್ತಿಸುತ್ತದೆ ಎಂಬುದನ್ನು. ಲೆಕ್ಕ ಹಾಕಿದರೆ ಎರಡೂ ಚಕ್ರಗಳ ಒಟ್ಟು ಎತ್ತರದಲ್ಲಿ 2 ಮಿ.ಮೀ. ವ್ಯತ್ಯಾಸವಷ್ಟೇ. ಹಾಗಾಗಿ ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ಥರ ಕಾಣುತ್ತವೆ. ಅಗಲ ಮಾತ್ರ 20 ಮಿ.ಮೀ. ಕಡಿಮೆ, ಗೋಡೆ 120ರ ಬದಲು 132 ಮಿ.ಮೀ. ಎತ್ತರ. ತಿರುವಿನಲ್ಲಿ ಎತ್ತರದ ಗೋಡೆ ಹೆಚ್ಚು ಬಾಗುತ್ತದೆ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಂದೇ ಹಿಡಿತದಲ್ಲಿ ನಿಲ್ಲುವುದಿಲ್ಲ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡು ಓಡಿದ ಹಾಗೆ. ನಡೆಯುವಾಗ ತೊಂದರೆ ಇಲ್ಲ, ಓಡುವಾಗ ಗೊತ್ತಾಗುತ್ತದೆ.

ಇನ್ನೊಂದು ಜಾತಿ ತೆಳ್ಳಗಿನ ಸ್ಟೆಪ್ನಿ. ಅದರ ಅಳತೆ ಟಿ125/70 ಡಿ15 95ಎಂ ಎಂಬಂತಿರುತ್ತದೆ. ಮುಂದಿನ ಟಿ ಅಂದರೆ ತಾತ್ಕಾಲಿಕ. ಅದನ್ನು ಕೊನೆಯಲ್ಲಿ ಬರುವ 190ರ ಟಿ ಎಂದುಕೊಳ್ಳಬೇಡಿ. ಎಂ ಅಕ್ಷರಕ್ಕೆ 130 ಕಿ.ಮೀ. ಇದ್ದರೂ ಕಾರಿನ ಮಿತಿ 80 ಎಂದಿದ್ದರೆ 80 ಅಷ್ಟೇ. ಹೊಸದರಲ್ಲೇ ಇವುಗಳ ಹಲ್ಲು ಮಾಮೂಲಿ ಟೈರಿಗಿಂತ ತೀರಾ ಕಡಿಮೆ ಆಳ. ಮಳೆ ನೀರನ್ನು ಪಕ್ಕಕ್ಕೆ ತಳ್ಳುವ ಶಕ್ತಿಯೂ ಅಷ್ಟಕ್ಕಷ್ಟೇ. ಮಳೆಗಾಲದಲ್ಲಿ ಇದನ್ನು ಹಾಕಿಕೊಂಡು ಶಿರಾಡಿ ಘಾಟಿ ಇಳಿಯುವಾಗ 80 ಕೂಡ ಜಾಸ್ತಿ. ಸೆಕೆಂಡ್ ಗೇರಿನಲ್ಲಿ 40ರ ಒಳಗೆ ಇಳಿಯಿರಿ.

ಅಳತೆ, ಭಾರದ ಸಂಖ್ಯೆ, ಅಕ್ಷರ, ರಿಮ್ ಎಲ್ಲವೂ ಉಳಿದ ನಾಲ್ಕರಂತೆಯೇ ಇದ್ದು, ಸ್ಟಿಕ್ಕರೂ ಇಲ್ಲ, ಕೈಪಿಡಿಯಲ್ಲೂ ಮಿತಿ ಇಲ್ಲ ಎಂದಾದರೆ ಮಾತ್ರ ಅದು ಪೂರ್ಣ ಸ್ಟೆಪ್ನಿ, ಅಂದರೆ ಉಳಿದ ಚಕ್ರಗಳಂತೆಯೇ ಓಡಿಸಬಹುದಾದದ್ದು. ಆಗಲೂ ವಯಸ್ಸು ನೋಡಿ. ಪಕ್ಕದಲ್ಲಿ 2316 ಎಂದಿದ್ದರೆ ಅದು 2016ರ 23ನೇ ವಾರ ತಯಾರಾದದ್ದು. ಬಳಸದೇ ಇದ್ದರೂ ರಬ್ಬರ್ ಗಟ್ಟಿಯಾಗುತ್ತದೆ. ಹತ್ತು ವರ್ಷ ದಾಟಿದ್ದನ್ನು ಹೆದ್ದಾರಿಗೆ ನಂಬಬೇಡಿ.

ಹಂತ 3: ಗಾಳಿ

ತೆಳ್ಳಗಿನ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. ಗಾಳಿಯ ಜಾಗ ಚಿಕ್ಕದು, ಹೊರುವ ಭಾರ ಅಷ್ಟೇ, ಅದಕ್ಕೇ ಅಷ್ಟು ಒತ್ತಡ. ಬಂಕಿನ ಹುಡುಗ ಎಲ್ಲಕ್ಕೂ 33 ಹಾಕಿ ಮುಗಿಸುತ್ತಾನೆ. ನೀವೇ ನಿಂತು ಟೈರಿನ ಮೇಲೆ ಬರೆದಿರುವುದನ್ನು ತೋರಿಸಿ ಹಾಕಿಸಿ. 33ರಲ್ಲಿ ಓಡಿಸಿದ 60ರ ಟೈರ್ 80ರ ವೇಗಕ್ಕೂ ಯೋಗ್ಯವಲ್ಲ. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಪಂಪಿನ ಮೀಟರನ್ನೂ ನಂಬಬೇಡಿ. ಒಂದು ಒಳ್ಳೆಯ ಕೈ ಗೇಜ್ ಕಾರಿನಲ್ಲಿರಲಿ.

ಹಂತ 4: ಹಾಕಿ, ಹೊರಡಿ

ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲಬೇಡಿ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಬೇಡ, ಎಡಗಡೆಯ ಲೇನ್ ಹಿಡಿಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಡ್ಯಾಶ್‌ಬೋರ್ಡಿನಲ್ಲಿ ಟೈರ್ ಒತ್ತಡದ ದೀಪ ಉರಿದರೆ ಗಾಬರಿ ಬೇಡ. ಸ್ಟೆಪ್ನಿಯಲ್ಲಿ ಸೆನ್ಸರ್ ಇರದೇ ಇರಬಹುದು.

ಸ್ಟೆಪ್ನಿಯೇ ಇಲ್ಲದ ಕಾರುಗಳೂ ಈಗಿವೆ. ಟೈರ್ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲೇ ನಿಯಮ ಬದಲಿಸಿದೆ. ಕಿಟ್‌ನ ದ್ರಾವಣ ತುಂಬಿಸಿದ ಮೇಲೆ ಓಡಿಸುವ ವೇಗಕ್ಕೂ ಸಾಮಾನ್ಯವಾಗಿ 80ರ ಮಿತಿಯೇ ಇರುತ್ತದೆ. ಅದರ ಜೊತೆ ಬರುವ ಸ್ಟಿಕ್ಕರನ್ನು ಓಡಿಸುವವರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಪಂಕ್ಚರ್ ಆಗುವ ಮೊದಲೇ ಟೈರಿಗೆ ಸುರಿಯುವ ಅಂಟು ದ್ರಾವಣಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ: ರಿಮ್ ಒಳಗೆಲ್ಲ ಮೆತ್ತಿಕೊಂಡು ಮುಂದೆ ಪಂಕ್ಚರ್ ಹಾಕುವವರಿಗೆ ಕೆಲಸ ಎರಡರಷ್ಟು.

ಹಂತ 5: ಅಂದೇ ಪಂಕ್ಚರ್ ಹಾಕಿಸಿ

ಸಿಗುವ ಮೊದಲ ಅಂಗಡಿಯಲ್ಲೇ ನಿಲ್ಲಿಸಿ. ಮೂಲ ಚಕ್ರವನ್ನು ಅದರ ಜಾಗಕ್ಕೆ ಹಾಕಿಸಿ, ಸ್ಟೆಪ್ನಿಗೆ ಸರಿಯಾದ ಗಾಳಿ ತುಂಬಿಸಿ ಡಿಕ್ಕಿಗಿಡಿ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಅಲ್ಲಿಂದಲೇ ಒಂದು ಮಾರ್ಕರ್ ಪಡೆದು ರಿಮ್ ಮೇಲೆ ದೊಡ್ಡದಾಗಿ ‘80’ ಎಂದು ಬರೆದುಬಿಡಿ. ಮುಂದಿನ ಸಲ ಅದನ್ನು ಹಾಕುವವರು ನಿಮ್ಮ ಮನೆಯ ಬೇರೆಯವರೂ ಆಗಿರಬಹುದು.