ನಾಲ್ಕು ಹಾಳೆ ಪೇಪರ್, ಒಂದು ಸೇತುವೆ

ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಮನೆ ಹತ್ತಿರದ ಸರ್ಕಾರಿ ಶಾಲೆಯ ಏಳನೇ, ಎಂಟನೇ ತರಗತಿ ಮಕ್ಕಳಿಗೆ ಏನಾದರೊಂದು ಕಟ್ಟುವ ಸವಾಲು ಕೊಡುತ್ತೇನೆ. ಸಾಮಾನಿಗಾಗಿ ಬಿಡಿಭಾಗಗಳ ಅಂಗಡಿಗಳಿರುವ ಎಸ್‌.ಪಿ. ರಸ್ತೆ ಅಲೆಯುವ ಅಗತ್ಯ ಬಿದ್ದಿಲ್ಲ. ಹಳೇ ಪೇಪರ್, ತೆಂಗಿನಕಡ್ಡಿ ಪೊರಕೆ, ಹೂ ಕಟ್ಟುವ ದಾರ, ಮೈದಾ ಅಂಟು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಇಷ್ಟು ಸಾಕು. ಅಂಗಡಿಯ ಕಿಟ್‌ಗಳನ್ನು ನಾನು ತರುವುದಿಲ್ಲ. ಯಾವ ತುಂಡು ಎಲ್ಲಿ ಕೂರಬೇಕೆಂದು ಅದರಲ್ಲಿ ಯಾರೋ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಆ ತೀರ್ಮಾನವೇ ತಾನೇ ಎಂಜಿನಿಯರಿಂಗ್?

ಹೆಚ್ಚು ಫಲ ಕೊಟ್ಟಿರುವುದು ಸೇತುವೆಯ ಸವಾಲು. ಎರಡು ಬೆಂಚುಗಳ ನಡುವೆ 40 ಸೆಂಟಿಮೀಟರ್ ಅಂತರ. ಒಂದು ಗುಂಪಿಗೆ ನಾಲ್ಕು ಹಾಳೆ ಪೇಪರ್, ಒಂದು ಬಟ್ಟಲು ಅಂಟು, ಎರಡು ಮಾರು ದಾರ. ಸೇತುವೆಯ ನಡುವಿನಿಂದ ಬಕೆಟ್ ತೂಗುಹಾಕಿ, ಅಳತೆಯ ಲೋಟದಲ್ಲಿ ನೀರು ಸುರಿಯುತ್ತಾ ಹೋಗಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ತೂಕದ ಕಲ್ಲುಗಳು ಬೇಡ, ಬಕೆಟ್ಟಿನ ತೂಕ ಸೇರಿಸಿಕೊಂಡರೆ ಲೆಕ್ಕ ಮುಗಿಯಿತು. ಬಕೆಟ್ ನೆಲದಿಂದ ನಾಲ್ಕು ಬೆರಳಿನಷ್ಟೇ ಮೇಲಿರಲಿ. ಬಿದ್ದರೆ ಕಾಲಿಗೆ ಏಟಾಗುವುದಿಲ್ಲ, ನೀರೂ ಚೆಲ್ಲಾಡುವುದಿಲ್ಲ.

ಬಿಡಿ ಹಾಳೆ ಏನನ್ನೂ ಹೊರದು, ಸುತ್ತಿದರೆ ಹೊರುತ್ತದೆ. ಇದು ಮಕ್ಕಳಿಗೆ ಬೇಗ ಹೊಳೆಯುತ್ತದೆ. ಹೇಗೆ ಸುತ್ತಬೇಕು ಎನ್ನುವಲ್ಲಿ ಮಾತ್ರ ಕೈ ಪಳಗಬೇಕು. ಪೊರಕೆ ಕಡ್ಡಿಯ ಮೇಲೆ ಹಾಳೆಯ ಮೂಲೆ ಇಟ್ಟು ಓರೆಯಾಗಿ, ಬಿಗಿಯಾಗಿ ಸುತ್ತಿದರೆ ಕೊಳವೆ ಉದ್ದ ಬರುತ್ತದೆ, ನಡುಭಾಗ ದಪ್ಪವಾಗುತ್ತದೆ. ಭಾರ ತೂಗುವುದೂ ನಡುವಿನಲ್ಲೇ. ಮೈದಾ ಅಂಟು ಕೆಡದಿರಲೆಂದು ಮೈಲುತುತ್ತ ಹಾಕಬೇಡಿ, ಮಕ್ಕಳ ಕೈಗೆ ಅದು ವಿಷ. ಬೇಕಾದಷ್ಟನ್ನೇ ಅವತ್ತೇ ಕಾಯಿಸಿಕೊಳ್ಳಿ. ಜುಲೈ ಮಳೆಯಲ್ಲಿ ಅಂಟು ಸುಲಭಕ್ಕೆ ಒಣಗುವುದಿಲ್ಲ, ಹಾಗಾಗಿ ಕಟ್ಟುವುದು ಒಂದು ಶನಿವಾರ, ಭಾರ ಹಾಕುವುದು ಮುಂದಿನ ಶನಿವಾರ.

ಸೇತುವೆ ಮುರಿದ ಕೂಡಲೇ ಮಕ್ಕಳು ಹೋ ಎಂದು ಕೂಗಿ ಅದನ್ನು ಮುದ್ದೆ ಮಾಡಿ ಎಸೆಯಲು ಹೋಗುತ್ತಾರೆ. ನನ್ನ ತರಗತಿಯಲ್ಲಿ ಕಟ್ಟುನಿಟ್ಟಾದ ನಿಯಮ ಇದೊಂದೇ: ಎರಡು ನಿಮಿಷ ಯಾರೂ ಅದನ್ನು ಮುಟ್ಟುವಂತಿಲ್ಲ. ಎಲ್ಲಿ ಮುರಿಯಿತೋ ಅದರ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಗ ಕಾಣಿಸುವುದನ್ನು ಪಾಠ ಮಾಡಿ ಕಾಣಿಸಲಾಗದು. ಮೇಲಿನ ಕೊಳವೆ ಒತ್ತಡಕ್ಕೆ ಸಿಕ್ಕಿ ಸೊಟ್ಟಗಾಗಿ ಮಡಿಚಿಕೊಂಡಿರುತ್ತದೆ. ಕೆಳಗಿನ ಕೊಳವೆಯನ್ನು ಭಾರ ಎಳೆದಿರುತ್ತದೆ, ಆದರೆ ಕಾಗದ ಹರಿದಿರುವುದಿಲ್ಲ, ಜೋಡಣೆಯ ಅಂಟು ಜಾರಿರುತ್ತದೆ. ಎಳೆತವನ್ನು ಕಾಗದ ಚೆನ್ನಾಗಿ ತಡೆಯುತ್ತದೆ, ಒತ್ತಿದರೆ ಸೋಲುತ್ತದೆ. “ಮಿಸ್, ಪೇಪರ್ ಗಟ್ಟಿಯಾಗೇ ಇದೆ, ಜಾಯಿಂಟೇ ಬಿಟ್ಟಿರೋದು!” ಎಂದು ಒಬ್ಬ ಹುಡುಗ ಕೂಗಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಾರ್ಖಾನೆಯಲ್ಲೂ ಮುರಿದ ಭಾಗ ಮೇಜಿಗೆ ಬಂದಾಗ ನಾವು ಮೊದಲು ಹುಡುಕುವುದು ಅದನ್ನೇ, ಎಲ್ಲಿ ಶುರುವಾಯಿತು ಎಂದು.

ಆ ಗುಂಪಿನ ಹುಡುಗಿಯೊಬ್ಬಳ ತಾಯಿ ಮಾರಲು ಹೂ ಕಟ್ಟುತ್ತಾರೆ, ಇವಳಿಗೂ ಆ ಕೆಲಸ ಬರುತ್ತದೆ. ಎರಡನೇ ಸುತ್ತಿನಲ್ಲಿ ಅವಳು ಅಂಟಿನ ತಂಟೆಗೇ ಹೋಗಲಿಲ್ಲ. ಎರಡು ಕೊಳವೆ ಕೂಡುವಲ್ಲಿ ದಾರವನ್ನು ಕತ್ತರಿಯಾಕಾರದಲ್ಲಿ ಹಾಯಿಸಿ, ಮಾಲೆಯಲ್ಲಿ ಮೊಗ್ಗನ್ನು ಬಿಗಿಯುವ ಹಾಗೆಯೇ ಬೆರಳ ಮೇಲೆ ಕುಣಿಕೆ ಮಾಡಿ ಎಳೆದಳು. ಕೊಳವೆ ನಜ್ಜುಗುಜ್ಜಾಗದಂತೆ ಎಷ್ಟು ಎಳೆಯಬೇಕು ಎಂಬುದು ಆ ಬೆರಳುಗಳಿಗೆ ಗೊತ್ತಿತ್ತು. ಈ ಸಲ ಜೋಡಣೆ ಜಾರಲಿಲ್ಲ, ಮುರಿದದ್ದು ಮೇಲಿನ ಕೊಳವೆ. ದೌರ್ಬಲ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿತ್ತು.

ಮೇಲಿನ ಕೊಳವೆ ಯಾಕೆ ಸೋತಿತು ಎನ್ನಲು ಪೊರಕೆ ಕಡ್ಡಿ ಬೇಕು. 40 ಸೆಂಟಿಮೀಟರ್ ಉದ್ದದ ಕಡ್ಡಿಯನ್ನು ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ತುದಿಗೆ ಬಾಟಲ್ ಮುಚ್ಚಳ ಇಟ್ಟು ಮೆಲ್ಲಗೆ ಒತ್ತಿ, ಅದು ಬಿಲ್ಲಿನಂತೆ ಬಾಗುವಾಗ ತಕ್ಕಡಿ ತೋರಿಸುವ ತೂಕ ಬರೆದುಕೊಳ್ಳಿ. ಅದನ್ನೇ 20 ಸೆಂಟಿಮೀಟರಿಗೆ ಕತ್ತರಿಸಿ ಮತ್ತೆ ಒತ್ತಿ. ಮಕ್ಕಳೆಲ್ಲ ಎರಡು ಪಟ್ಟು ಎಂದು ಊಹಿಸುತ್ತಾರೆ, ಬರುವುದು ಸುಮಾರು ನಾಲ್ಕು ಪಟ್ಟು. ಉದ್ದ ಅರ್ಧವಾದರೆ ತಡೆಯುವ ಭಾರ ನಾಲ್ಕು ಪಟ್ಟಾಗುತ್ತದೆಂದು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಲೆಕ್ಕ ಹಾಕಿ ತೋರಿಸಿದ್ದರು. ಕಡ್ಡಿ ತುದಿಯತ್ತ ತೆಳುವಾಗುವುದರಿಂದ ಬುಡದ ಕಡೆಯ, ಒಂದೇ ದಪ್ಪದ ಭಾಗ ಆರಿಸಿಕೊಳ್ಳಿ. ಇದಾದ ಮೇಲೆ ಮಕ್ಕಳು ಉದ್ದನೆಯ ಮೇಲಿನ ಕೊಳವೆಗೆ ನಡುನಡುವೆ ಓರೆ ಆಸರೆಗಳನ್ನು ತಾವಾಗಿಯೇ ಕಟ್ಟುತ್ತಾರೆ. ಸೇತುವೆಯಲ್ಲಿ ತ್ರಿಕೋನಗಳು ಮೂಡುತ್ತವೆ.

ತ್ರಿಕೋನದ ಗಟ್ಟಿತನ ತೋರಿಸಲು ಅರವಿಂದ ಗುಪ್ತಾ ಅವರ ದಾರಿಗಿಂತ ಸರಳವಾದದ್ದು ನನಗೆ ಸಿಕ್ಕಿಲ್ಲ: ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸುವುದು. ಐಐಟಿ ಕಾನ್ಪುರದಲ್ಲಿ ಓದಿದ ಈ ಎಂಜಿನಿಯರ್ 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಮಕ್ಕಳೊಂದಿಗೆ ಕೆಲಸ ಮಾಡುತ್ತಾ ಇದನ್ನು ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೌಕ ತಳ್ಳಿದರೆ ವಾಲುತ್ತದೆ, ತ್ರಿಕೋನ ಮಿಸುಕುವುದಿಲ್ಲ. ಮನೆಗೆ ಹೋಗುವಾಗ ಮೊಬೈಲ್ ಟವರ್ ನೋಡಿಕೊಂಡು ಹೋಗಿ ಎಂದಷ್ಟೇ ಹೇಳುತ್ತೇನೆ.

ಅತಿ ಹೆಚ್ಚು ಭಾರ ಹೊತ್ತವರನ್ನು ನಾನು ಗೆದ್ದವರೆಂದು ಸಾರುವುದಿಲ್ಲ. ಹೊತ್ತ ಭಾರವನ್ನು ಸೇತುವೆಯ ತೂಕದಿಂದ ಭಾಗಿಸುತ್ತೇವೆ. ಅಂಟು ಮೆತ್ತಿ ಮೆತ್ತಿ ದಪ್ಪ ಮಾಡಿದ ಸೇತುವೆ ಈ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ, ಗಣಿತ ಅಂದರೆ ದೂರ ಓಡುವವರೂ ತಮ್ಮ ಭಾಗಾಕಾರವನ್ನು ಮತ್ತೆ ಮತ್ತೆ ಮಾಡಿ ನೋಡುತ್ತಾರೆ.

ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟಿದ ದಿನ, ಶಾಲೆಯಲ್ಲಿ ಭಾಷಣ ಸ್ಪರ್ಧೆ ಇರುತ್ತದೆ. ಅದರ ಜೊತೆಗೆ ಅಂಗಳದಲ್ಲಿ ಸೇತುವೆ ಪರೀಕ್ಷೆಯೂ ಇರಲೆಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಮೊದಲ ಸುತ್ತಿನ ಮುರಿದ ಸೇತುವೆಗಳನ್ನೂ ಚಿತ್ರದ ಸಮೇತ ಅಲ್ಲೇ ಇಡುತ್ತೇವೆ. ಈ ಸಲ ಅಂತರವನ್ನು 60 ಸೆಂಟಿಮೀಟರಿಗೆ ಏರಿಸಿದ್ದೇನೆ, ಹಾಳೆ ನಾಲ್ಕೇ. ಕೊಳವೆಗೆ ಕೊಳವೆ ಕೂಡಿಸದೆ ಅಷ್ಟು ದೂರ ದಾಟಲಾಗದು, ಆದ್ದರಿಂದ ದಾರವನ್ನು ಮಾತ್ರ ಮೂರು ಮಾರು ಕೊಡುತ್ತಿದ್ದೇನೆ.