ಕೂಸಿಗೆ ಅಲರ್ಜಿ ಅನುಮಾನ ಇದ್ದರೆ ಹೊಸ ಊಟ ಶುರು ಮಾಡುವುದು ಹೇಗೆ?

ಕೂಸಿಗೆ ಆರು ತಿಂಗಳು ತುಂಬಿತು ಅಂದರೆ ಮನೆಯಲ್ಲಿ ಎರಡು ಪಕ್ಷ ಆಗುತ್ತವೆ. ಒಂದು ಪಕ್ಷ ನಾವು ತಿನ್ನೋದನ್ನೆಲ್ಲ ಸ್ವಲ್ಪ ಸ್ವಲ್ಪ ನೆಕ್ಕಿಸೋಣ ಅನ್ನುತ್ತದೆ. ಇನ್ನೊಂದು ಪಕ್ಷ ವರ್ಷ ತುಂಬಲಿ ಬಿಡಿ, ಸುಮ್ನೆ ಯಾಕೆ ರಿಸ್ಕು ಅನ್ನುತ್ತದೆ. ಕೂಸಿನ ಕೆನ್ನೆ ಮೇಲೆ ಇಸುಬು ಇದ್ದರೆ, ಅಪ್ಪನಿಗೆ ಉಬ್ಬಸ ಇದ್ದರೆ, ಅಥವಾ ಒಮ್ಮೆ ಹಸುವಿನ ಹಾಲು ಕುಡಿಸಿದಾಗ ಮೈಮೇಲೆ ಗಂಧೆ ಎದ್ದಿದ್ದರೆ ಎರಡನೇ ಪಕ್ಷವೇ ಗೆಲ್ಲುತ್ತದೆ. ಆದರೆ ಹೆದರಿ ಮುಂದೂಡಿದರೆ ಅಲರ್ಜಿ ತಪ್ಪುವುದಿಲ್ಲ. ಕೆಲವು ಸಲ ಜಾಸ್ತಿಯೇ ಆಗುತ್ತದೆ.

ಮೊದಲು ಡಾಕ್ಟರುಗಳೂ ಮುಂದೂಡಿ ಎಂದೇ ಹೇಳುತ್ತಿದ್ದರು. ಅಲರ್ಜಿ ಇರುವ ಮನೆತನದ ಮಕ್ಕಳಿಗೆ ಮೂರು ವರ್ಷದ ತನಕ ಶೇಂಗಾ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು, 2008ರಲ್ಲಿ ಆ ಮಾತನ್ನು ಕೈಬಿಟ್ಟಿತು. ಆಮೇಲೆ 2015ರಲ್ಲಿ ಲಂಡನ್ನಿನ ಲೀಪ್ ಅಧ್ಯಯನ ಬಂತು. ಜೋರಾದ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧಕ್ಕೆ ಶೇಂಗಾ ತಿನ್ನಿಸಿದರು, ಉಳಿದರ್ಧಕ್ಕೆ ಐದು ವರ್ಷದವರೆಗೆ ಮುಟ್ಟಿಸಲಿಲ್ಲ. ಶುರುವಿನ ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳನ್ನೇ ತೆಗೆದುಕೊಂಡರೆ, ಶೇಂಗಾ ಮುಟ್ಟದವರಲ್ಲಿ ಶೇ 13.7 ಮಂದಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಬರೀ ಶೇ 1.9. ಚಳ್ಳಕೆರೆ ಸುತ್ತಮುತ್ತ ಹೊಲದ ತುಂಬ ಶೇಂಗಾ ಬೆಳೆಯುವ ನಮಗೆ ಇದು ದೂರದ ಸುದ್ದಿಯೇನಲ್ಲ, ಅಲ್ವಾ?

ಯಾರು ಮೊದಲು ಡಾಕ್ಟರನ್ನು ಕೇಳಬೇಕು?

ಎಲ್ಲರೂ ಆಸ್ಪತ್ರೆಗೆ ಓಡಬೇಕಿಲ್ಲ. ಇಸುಬು ಜೋರಾಗಿದ್ದು ಮುಲಾಮು ಹಚ್ಚಿದರೂ ಹತೋಟಿಗೆ ಬರದಿದ್ದರೆ, ಅಥವಾ ಹಾಲಿಗೋ ಮೊಟ್ಟೆಗೋ ಒಮ್ಮೆ ಮೈ ಊದಿದ್ದರೆ, ಶೇಂಗಾ ಕೊಡುವ ಮೊದಲು ಮಕ್ಕಳ ಡಾಕ್ಟರನ್ನು ಕಾಣಿ. ದಾವಣಗೆರೆಯಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆ, ಸಿ.ಜಿ. ಆಸ್ಪತ್ರೆ ಇವೆ. ದುರ್ಗದವರಿಗೆ ಜಿಲ್ಲಾ ಆಸ್ಪತ್ರೆ ಇದೆ. ಬೇಕಿದ್ದರೆ ಮೊದಲ ತುತ್ತನ್ನು ಅಲ್ಲೇ, ಅವರ ಕಣ್ಣೆದುರು ಕೊಡಿಸುತ್ತಾರೆ. ಬರೀ ಅಪ್ಪ–ಅಮ್ಮನಿಗೆ ಅಲರ್ಜಿ ಇದೆ, ಕೂಸಿನ ಚರ್ಮ ಚೆನ್ನಾಗಿಯೇ ಇದೆ ಅನ್ನುವುದಾದರೆ ಮನೆಯಲ್ಲೇ ಶುರು ಮಾಡಬಹುದು.

ಚರ್ಮದ ವಿಷಯ ಬಂದಿದ್ದಕ್ಕೆ ಒಂದು ಮಾತು. ಇಸುಬು ಇರುವ ಕೂಸಿಗೆ ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡಿಸಬೇಡಿ, ಗಾಣದ ಶೇಂಗಾ ಎಣ್ಣೆ, ಎಳ್ಳೆಣ್ಣೆಯಲ್ಲಿ ಮೈ ತಿಕ್ಕಬೇಡಿ. ಅಜ್ಜಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಬಿರುಕು ಬಿಟ್ಟ ಚರ್ಮದ ಮೂಲಕ ಒಳಗೆ ಹೋದ ಆಹಾರದ ಅಂಶವನ್ನು ದೇಹ ಶತ್ರು ಅಂದುಕೊಳ್ಳುತ್ತದೆ, ಅದೇ ಅಂಶ ಬಾಯಿಂದ ಹೋದರೆ ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತದೆ. ಮೊದಲು ಮೈಗೆ ಹಚ್ಚಿ ನೋಡೋಣ ಅಂತ ಕೂಸಿನ ಕೆನ್ನೆಗೋ ತೋಳಿಗೋ ಶೇಂಗಾ ಉಜ್ಜುವ ಪರೀಕ್ಷೆಯೂ ಇದಕ್ಕೇ ಬೇಡ.

ಶುರು ಯಾವಾಗ, ಯಾವುದರಿಂದ?

ಆರು ತಿಂಗಳ ಹೊತ್ತಿಗೆ. ಕುತ್ತಿಗೆ ಗಟ್ಟಿಯಾಗಿ ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು, ಚಮಚ ಕಂಡರೆ ಬಾಯಿ ತೆರೆಯಬೇಕು. ಎದೆಹಾಲು ಮುಂದುವರಿಯಲಿ. ಕೂಸಿಗೆ ಅಲರ್ಜಿ ಬರದಿರಲಿ ಅಂತ ತಾಯಿಯಾದವಳು ಹಾಲು, ಮೊಟ್ಟೆ, ಶೇಂಗಾ ಬಿಟ್ಟು ಉಪವಾಸ ಬೀಳುವುದೂ ಬೇಡ, ಡಾಕ್ಟರೇ ಬಿಡಿ ಅಂದರೆ ಮಾತ್ರ ಬೇರೆ.

ಮೊದಲು ತಕರಾರಿಲ್ಲದವು: ಶೋಧಿಸಿದ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ–ಹೆಸರುಬೇಳೆ, ಬೇಯಿಸಿದ ಕುಂಬಳಕಾಯಿ, ಬಾಳೆಹಣ್ಣು. ಇವಕ್ಕೆ ತುಂಬಾ ದಿನ ಕಾಯಬೇಕಿಲ್ಲ. ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬೇಡಿ. ಅದು ಅಲರ್ಜಿಯ ಮಾತಲ್ಲ, ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆಯ ಮಾತು.

ಇವು ಒಗ್ಗಿದ ಮೇಲೆ ಅಲರ್ಜಿಗೆ ಹೆಸರಾದವು ಒಂದೊಂದಾಗಿ ಬರಲಿ. ಶೇಂಗಾ, ಮೊಟ್ಟೆ, ಹಸು–ಎಮ್ಮೆ ಹಾಲಿನ ಪದಾರ್ಥ, ಗೋಧಿ, ಎಳ್ಳು, ಗೋಡಂಬಿ–ಬಾದಾಮಿ, ಸೋಯಾ, ಮೀನು, ಸಿಗಡಿ. ಮನೆಯಲ್ಲಿ ತಿನ್ನದ್ದನ್ನು ಕೊಡಲೇಬೇಕು ಅಂತೇನಿಲ್ಲ. ಮೊಟ್ಟೆ ಒಳಗೇ ಬರದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅಂಥ ಮನೆಗಳಿಗೂ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಕೇಕ್ ಬರುತ್ತದೆ, ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಬೇಕರಿಯಲ್ಲಿ ಕೇಳಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ರಾಗಿ, ಗೋಧಿ, ಪುಟಾಣಿ, ಶೇಂಗಾ, ಬಾದಾಮಿ, ಗೋಡಂಬಿ, ಸಾಲದ್ದಕ್ಕೆ ಏಲಕ್ಕಿಯನ್ನೂ ಹುರಿದು ಮಿಲ್ಲಿಗೆ ಹಾಕಿಸಿ ಡಬ್ಬಿ ತುಂಬ ಪುಡಿ ಮಾಡಿಟ್ಟುಕೊಳ್ಳುತ್ತಾರೆ. ಪೌಷ್ಟಿಕವೇನೋ ಹೌದು, ಆದರೆ ಆ ಪುಡಿ ತಿಂದು ಕೂಸಿನ ತುಟಿ ಊದಿತು ಅಂದರೆ ಯಾವುದರಿಂದ ಊದಿತು ಅಂತ ಹೇಳೋರು ಯಾರು? ಡಬ್ಬಿ ಪಕ್ಕಕ್ಕಿಡಿ, ಒಳಗಿರುವ ಒಂದೊಂದೂ ಬೇರೆಬೇರೆಯಾಗಿ ಒಗ್ಗಿದ ಮೇಲೆ ತೆಗೆಯಿರಿ. ಅಂಗನವಾಡಿಯಿಂದ ಬರುವ ಪೊಟ್ಟಣದ ಮೇಲೂ ಏನೇನಿದೆ ಅಂತ ಓದಿ.

ಮೊದಲ ದಿನ ಕೊಡುವ ಕ್ರಮ

ಶೇಂಗಾವನ್ನೇ ತೆಗೆದುಕೊಳ್ಳೋಣ. ಒಂದು ಹಿಡಿ ಹುರಿದು, ಸಿಪ್ಪೆ ಕೇರಿ, ಮಿಕ್ಸಿಯಲ್ಲಿ ಎಣ್ಣೆ ಬಿಡುವಷ್ಟು ನುಣ್ಣಗೆ ಅರೆಯಿರಿ. ಚಟ್ನಿಪುಡಿ ಬೇಡ, ಅದರಲ್ಲಿ ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲ ಇರುತ್ತದೆ. ಅರೆದಿದ್ದು ಅಂಟು ಅಂಟಾಗಿರುತ್ತದೆ, ಹಾಗೇ ಬಾಯಿಗಿಟ್ಟರೆ ಗಂಟಲಿಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿ ಅರ್ಧ ಚಮಚದಷ್ಟು ತೆಗೆದುಕೊಂಡು ಬಿಸಿನೀರು ಬೆರೆಸಿ ತೆಳ್ಳಗೆ ಮಾಡಿ, ಆಗಲೇ ಒಗ್ಗಿರುವ ರಾಗಿ ಸರಿಗೆ ಕಲೆಸಿ. ಇಡೀ ಶೇಂಗಾ ಬೀಜವಾಗಲಿ ಚೂರಾಗಲಿ ಚಿಕ್ಕ ಮಕ್ಕಳ ಕೈಗೆ ಸಿಗಲೇಬಾರದು, ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮಂಡಕ್ಕಿಯೂ ಅಷ್ಟೇ.

ಹೊತ್ತು ಬೆಳಗ್ಗೆಯೇ ಆಗಬೇಕು. ರಾತ್ರಿ ಕೊಟ್ಟು ಮಲಗಿಸಿದರೆ ನೋಡುವವರು ಯಾರು? ಜ್ವರ, ಶೀತ, ಭೇದಿ ಇದ್ದ ದಿನ ಬೇಡ, ಲಸಿಕೆ ಹಾಕಿಸಿದ ದಿನವೂ ಬೇಡ. ಜಾತ್ರೆ, ಹಬ್ಬ, ನಾಮಕರಣದ ದಿನವಂತೂ ಬೇಡವೇ ಬೇಡ. ಬಂದವರೆಲ್ಲ ಕೂಸನ್ನು ಎತ್ತಿಕೊಂಡು ಒಬ್ಬರು ಪೇಡೆ, ಒಬ್ಬರು ಹೋಳಿಗೆ ಹೂರಣ ನೆಕ್ಕಿಸಿರುತ್ತಾರೆ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಯವರು ಗಾಡಿ ಮನೆಯಲ್ಲೇ ಇರುವ ದಿನ ನೋಡಿಕೊಳ್ಳಿ.

ಚಮಚದ ತುದಿಯಷ್ಟು ಕೊಡಿ. ಹತ್ತು ನಿಮಿಷ ಸುಮ್ಮನೆ ಕೂತು ಮುಖ ನೋಡಿ. ಏನೂ ಇಲ್ಲವೆಂದರೆ ಉಳಿದಿದ್ದನ್ನು ನಿಧಾನಕ್ಕೆ ತಿನ್ನಿಸಿ. ಆಮೇಲೆ ಎರಡು ಗಂಟೆ ಕಣ್ಣಳತೆಯಲ್ಲೇ ಇರಲಿ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ ಪೆನ್ನಿನಲ್ಲಿ ಬರೆಯಿರಿ: ಶೇಂಗಾ, 9 ಗಂಟೆ, ಅರ್ಧ ಚಮಚ, ಏನೂ ಆಗಲಿಲ್ಲ. ಮುಂದಿನ ಹೊಸ ಪದಾರ್ಥಕ್ಕೆ ಎರಡು ಮೂರು ದಿನ ಬಿಡಿ.

ಮೊಟ್ಟೆಯಾದರೆ ಗಟ್ಟಿಯಾಗುವವರೆಗೆ ಬೇಯಿಸಿ ನುಣ್ಣಗೆ ಕಿವುಚಿ. ಅರೆಬೆಂದಿದ್ದು, ಹಸಿಯದು ಬೇಡ. ಹಾಲನ್ನು ಮೊಸರಿನಿಂದ ಶುರು ಮಾಡಿ, ಲೋಟಗಟ್ಟಲೆ ಹಸುವಿನ ಹಾಲು ಕುಡಿಸುವುದು ವರ್ಷ ತುಂಬಿದ ಮೇಲೆ. ಗೋಧಿ ನುಚ್ಚಿನ ಗಂಜಿ, ಹುರಿದು ಅರೆದ ಎಳ್ಳು, ಎಲ್ಲಕ್ಕೂ ಕ್ರಮ ಇದೇ.

ಒಗ್ಗಿತು ಅಂತ ಗೊತ್ತಾದ ಮೇಲೆ ನಿಲ್ಲಿಸಬೇಡಿ. ಒಂದು ಸಲ ತಿನ್ನಿಸಿ ನಾಲ್ಕು ತಿಂಗಳು ಮರೆತರೆ ಒಗ್ಗಿದ್ದು ಕೈತಪ್ಪಬಹುದು. ಲೀಪ್ ಅಧ್ಯಯನದಲ್ಲಿ ವಾರಕ್ಕೆ ಆರು ಗ್ರಾಂ ಶೇಂಗಾ ಪ್ರೋಟೀನನ್ನು ಮೂರು ಸಲಕ್ಕೆ ಹಂಚಿ ಕೊಟ್ಟಿದ್ದರು. ಮನೆ ಲೆಕ್ಕದಲ್ಲಿ ಸಲಕ್ಕೆ ಸುಮಾರು ಎರಡು ಟೀ ಚಮಚ ಅರೆದ ಶೇಂಗಾ, ವಾರಕ್ಕೆ ಮೂರು ಸಲ. ಆ ಅಳತೆಗೆ ನಿಧಾನವಾಗಿ ಏರಿಸಿ.

ಏನಾದರೂ ಆದರೆ?

ಟೊಮೆಟೊ ಸಾರು, ಕಿತ್ತಳೆ ತಾಗಿ ಬಾಯಿ ಸುತ್ತ ಮಾತ್ರ ಕೆಂಪಾಗಿ ಸ್ವಲ್ಪ ಹೊತ್ತಿಗೆ ಹೋದರೆ ಹೆಚ್ಚಾಗಿ ಅದು ಹುಳಿಯ ಉರಿ, ಅಲರ್ಜಿ ಅಲ್ಲ. ಕೊಟ್ಟ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ, ತುಟಿ–ಕಣ್ಣು ಊತ, ವಾಂತಿ ಕಂಡರೆ ಆ ಪದಾರ್ಥ ನಿಲ್ಲಿಸಿ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಗಂಧೆ ಮಾಯವಾಗಿರುತ್ತದೆ.

ಕೂಸು ಬಿಡದೆ ಕೆಮ್ಮಿದರೆ, ಉಸಿರಿಗೆ ಸುಯ್‌ಸುಯ್ ಸದ್ದು ಬಂದರೆ, ಅಳುವ ದನಿ ಗೊಗ್ಗರಾದರೆ, ನಾಲಿಗೆ ಊದಿದರೆ, ಬಿಳಿಚಿಕೊಂಡು ಸೋತು ಬಿದ್ದರೆ 108ಕ್ಕೆ ಫೋನ್ ಮಾಡಿ, ಅಥವಾ ಯಾವ ಗಾಡಿ ಬೇಗ ಸಿಗುತ್ತದೋ ಅದರಲ್ಲಿ ಹೊರಡಿ. ಇದಕ್ಕೆ ಔಷಧಿ ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಮಾತ್ರ. ಅಲರ್ಜಿ ಸಿರಪ್ ಕುಡಿಸಿ ನೋಡೋಣ ಅಂತ ಕಾಯಬೇಡಿ, ದೃಷ್ಟಿ ತೆಗೆಯುವುದೂ ಆಮೇಲೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಓಡಾಡದೆ ತೋಳಿನಲ್ಲಿ ಅಡ್ಡಡ್ಡ ಮಲಗಿಸಿಕೊಳ್ಳಿ.

ಇನ್ನೊಂದು ಬಗೆ ಇದೆ, ಇದನ್ನು ಎಷ್ಟೋ ಸಲ ಹೊಟ್ಟೆ ಕೆಟ್ಟಿದೆ ಅಂತ ಬಿಟ್ಟುಬಿಡುತ್ತಾರೆ. ಗಂಧೆಯೂ ಇರುವುದಿಲ್ಲ, ಊತವೂ ಇರುವುದಿಲ್ಲ. ತಿಂದು ಒಂದರಿಂದ ನಾಲ್ಕು ಗಂಟೆ ಆದ ಮೇಲೆ ಕೂಸು ಮತ್ತೆ ಮತ್ತೆ ವಾಂತಿ ಮಾಡಿಕೊಂಡು ನಿಸ್ತೇಜವಾಗುತ್ತದೆ. ಹಾಲಿನಿಂದ ಆಗಬಹುದು, ನಾವು ಅತಿ ಸೌಮ್ಯ ಅಂದುಕೊಂಡ ಅಕ್ಕಿಯಿಂದಲೂ ಆಗಬಹುದು. ಹೀಗಾದರೆ ಅದೇ ಪದಾರ್ಥ ಮತ್ತೆ ಕೊಟ್ಟು ನೋಡದೆ, ಕ್ಯಾಲೆಂಡರ್ ಹಿಡಿದುಕೊಂಡೇ ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಟೆಸ್ಟು, ಮೇಕೆ ಹಾಲು, ಇತ್ಯಾದಿ

ಲ್ಯಾಬಿನಲ್ಲಿ ಒಂದೇ ರಕ್ತದಲ್ಲಿ ಹತ್ತಾರು ಪದಾರ್ಥದ ಅಲರ್ಜಿ ಪ್ಯಾಕೇಜ್ ಮಾಡಿಕೊಡುತ್ತಾರೆ. ನನ್ನ ಕೇಳಿದರೆ ದುಡ್ಡು ದಂಡ. ರಿಪೋರ್ಟಿನಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಅಂತಲ್ಲ, ಚೆನ್ನಾಗಿ ತಿನ್ನುತ್ತಿದ್ದ ಪದಾರ್ಥವನ್ನೂ ಆ ಹಾಳೆ ನೋಡಿ ಬಿಡಿಸಿ ಕೂಸನ್ನು ಸೊರಗಿಸಿದವರಿದ್ದಾರೆ. ಅನುಮಾನ ಇರುವ ಪದಾರ್ಥಕ್ಕೆ ಮಾತ್ರ, ಡಾಕ್ಟರು ಹೇಳಿದರೆ ಟೆಸ್ಟ್ ಮಾಡಿಸಿ.

ಹಸುವಿನ ಹಾಲು ಆಗದಿದ್ದರೆ ಮೇಕೆ ಹಾಲು ಕೊಡಿ ಅಂತ ಊರಲ್ಲಿ ಹೇಳುತ್ತಾರೆ. ಮೇಕೆ, ಕುರಿ, ಎಮ್ಮೆ ಹಾಲಿನ ಪ್ರೋಟೀನು ಹಸುವಿನದಕ್ಕೆ ತುಂಬಾ ಹತ್ತಿರ, ಹಾಗಾಗಿ ಸಾಮಾನ್ಯವಾಗಿ ಅವೂ ಆಗುವುದಿಲ್ಲ. ಇನ್ನು ಒಂಬತ್ತು ತಿಂಗಳಿಗೆ ಹಾಕುವ ದಡಾರ–ರುಬೆಲ್ಲಾ ಲಸಿಕೆಯನ್ನು ಮೊಟ್ಟೆ ಅಲರ್ಜಿ ಇದೆ ಅಂತ ತಪ್ಪಿಸಬೇಡಿ, ಅದಕ್ಕೂ ಇದಕ್ಕೂ ಅಡ್ಡಿ ಇಲ್ಲ.

ಹಾಲು, ಮೊಟ್ಟೆ ಅಲರ್ಜಿ ಹೆಚ್ಚಿನ ಮಕ್ಕಳಿಗೆ ಬೆಳೀತಾ ಬೆಳೀತಾ ಹೋಗುತ್ತದೆ. ಹೋಯಿತಾ ಅಂತ ನೋಡುವ ಪ್ರಯೋಗ ಮನೆಯಲ್ಲಿ ಬೇಡ, ಡಾಕ್ಟರೇ ದಿನ ಗೊತ್ತು ಮಾಡಲಿ. ಅಲ್ಲಿಯವರೆಗೆ ಅಂಗನವಾಡಿಗೆ ಕಳಿಸುವುದಾದರೆ ಟೀಚರಿಗೂ ಸಹಾಯಕಿಗೂ ಏನು ಕೊಡಬಾರದು ಅಂತ ಬರೆದೇ ಕೊಡಿ, ಅಲ್ಲಿ ಹಾಲೂ ಮೊಟ್ಟೆಯೂ ಕೊಡುತ್ತಾರೆ.